ಬೆರಳಿಗೆ ಗೊತ್ತಾಗದ ಲಟಿಕೆ

ಆ ಮಾತನ್ನು ಅಕ್ಕ ನಿಜವಾಗಿ ಆಡಿದಳೋ, ಮಂಪರಿನಲ್ಲಿ ನಾನೇ ಕಲ್ಪಿಸಿಕೊಂಡೆನೋ, ತುಂಬ ದಿನ ನನಗೆ ಗೊತ್ತಾಗಲಿಲ್ಲ. ಅದೊಂದೇ ಅಲ್ಲ. ಆ ಶನಿವಾರ, ಭಾನುವಾರಗಳ ಬಗ್ಗೆ ನಾನು ಏನು ಹೇಳಹೊರಟರೂ ನನ್ನ ಹೆಂಡತಿ ಶೈಲಾ ಅರ್ಧದಲ್ಲೇ ತಡೆದು, "ಹಂಗಲ್ರೀ ಆಗಿದ್ದು" ಅನ್ನುತ್ತಾಳೆ. ಮಣಿಕಟ್ಟಿನಲ್ಲಿ ಲಟಕ್ಕೆಂದು ಸದ್ದಾಯಿತು, ಆಮೇಲೆ ಕೆರೆಯ ನೀರಿನಲ್ಲಿ ಕೈ ಅದ್ದಿದಾಗ ಬೆರಳುಗಳಿಗೆ ತಂಪು ತಿಳಿಯಿತು ಎಂಬುದು ನನ್ನ ನೆನಪು. ಸದ್ದಾದದ್ದು ಅಲ್ಲಲ್ಲ, ಕೆರೆ ಸಿಕ್ಕಿದ್ದು ಆಮೇಲಲ್ಲ ಎಂಬುದು ಅವಳ ನೆನಪು. ಅವಳು ಎರಡೂ ದಿನ ಕಣ್ಣು ಬಿಟ್ಟುಕೊಂಡು ನನ್ನ ಜೊತೆಗಿದ್ದವಳು. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಕಂಡದ್ದನ್ನು ಬರೆಯಿರಿ, ಕಾಣಬೇಕಿತ್ತು ಅನ್ನಿಸಿದ್ದನ್ನು ಬರೆಯಬೇಡಿ ಎಂದು ಇಪ್ಪತ್ತೈದು ವರ್ಷಗಳಿಂದ ಪ್ರಯೋಗಾಲಯದಲ್ಲಿ ಹೇಳುತ್ತ ಬಂದವನು. ನನ್ನ ಕೈಯ ವಿಷಯಕ್ಕೆ ಬಂದಾಗ ಮಾತ್ರ ನನ್ನ ರೆಕಾರ್ಡು ಪುಸ್ತಕ ಕಲಸಿಹೋಗಿದೆ.

ಆದರೂ ಬರೆಯುತ್ತಿದ್ದೇನೆ. ಬೆಳಗಿನ ಜಾವ ಎದ್ದು ಕೂತು ಕೈ ಒದರುತ್ತಿರುವವರು ಯಾರಾದರೂ ಇದನ್ನು ಓದಿದರೆ, ಹಾಗೆ ಒದರುವವರು ತಾವೊಬ್ಬರೇ ಅಲ್ಲ ಎಂದಾದರೂ ಅವರಿಗೆ ತಿಳಿಯಲಿ.

ನಮ್ಮ ಮನೆ ಹೊನ್ನಾಳಿಯಲ್ಲಿ, ನಾನು ಪಾಠ ಮಾಡುವ ಪಿ.ಯು. ಕಾಲೇಜು ನ್ಯಾಮತಿಯಲ್ಲಿ. ದಿನಾ ಬೈಕಿನಲ್ಲಿ ಹೋಗಿಬರುತ್ತಿದ್ದೆ. ಬಲಗೈಗೆ ಜೋಮು ಹಿಡಿಯುವುದು ಬೈಕಿನಿಂದಲೇ ಎಂದುಕೊಂಡು ಮೊದಮೊದಲು ದಾರಿಯಲ್ಲಿ ನಿಲ್ಲಿಸಿ ಕೈ ಝಾಡಿಸಿ ಮುಂದೆ ಹೋಗುತ್ತಿದ್ದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಈ ಮೂರಕ್ಕೇ ಜೋಮು. ಕಿರುಬೆರಳು ಮಾತ್ರ ಇದರಲ್ಲಿ ನನ್ನದೇನೂ ಇಲ್ಲ ಎಂಬಂತೆ ಆರಾಮಾಗಿತ್ತು. ಬರಬರುತ್ತ ನೋವಿಗಿಂತ ವಿಚಿತ್ರವಾದದ್ದೊಂದು ಶುರುವಾಯಿತು. ಅಂಗಿಯ ಗುಂಡಿ ಹಾಕುವಾಗ ಗುಂಡಿ ಸಿಗುತ್ತಿರಲಿಲ್ಲ. ಸಿಕ್ಕರೂ ಸಿಕ್ಕಿದ್ದು ತಿಳಿಯುತ್ತಿರಲಿಲ್ಲ. ಯಾರೋ ನನ್ನ ಕೈಯೊಳಗೆ ಕೈ ತೂರಿಸಿ, ನನ್ನ ಪರವಾಗಿ ಗುಂಡಿ ಹಾಕುತ್ತಿದ್ದಾರೆ, ನಾನು ಕನ್ನಡಿಯ ಮುಂದೆ ನಿಂತು ಅವರ ಕೆಲಸ ಮುಗಿಯಲಿ ಎಂದು ಕಾಯುತ್ತಿದ್ದೇನೆ ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ದ್ವಿತೀಯ ಪಿ.ಯು.ಸಿ. ತರಗತಿಯಲ್ಲಿ ಬೆಂಜೀನಿನ ಉಂಗುರ ಬರೆಯುತ್ತಿದ್ದೆ. ನಾನು ಸಾಧಾರಣ ಮೇಷ್ಟ್ರು. ನನಗೆ ಹೆಸರು ಬಂದಿದ್ದರೆ ಅದು ಬೋರ್ಡಿನಿಂದ ಬಂದದ್ದು; ಅಳತೆಪಟ್ಟಿ ಇಲ್ಲದೆ ಆರು ಸಮ ಬಾಹುಗಳನ್ನು ಒಂದೇ ಉಸಿರಿಗೆ ಎಳೆಯುತ್ತಿದ್ದೆ. ಅವತ್ತು ನಾಲ್ಕು ಎಳೆದೆ, ಐದು ಎಳೆದೆ, ಆರನೆಯದನ್ನೂ ಎಳೆದು, ಒಳಗಿನ ವೃತ್ತವನ್ನೂ ಬರೆದು ಮಕ್ಕಳ ಕಡೆ ತಿರುಗಿದೆ. ಇಡೀ ತರಗತಿ ನನ್ನನ್ನು ಬಿಟ್ಟು ನೆಲ ನೋಡುತ್ತಿತ್ತು. ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ, "ಸರ್, ಚಾಕ್ ಬಿದ್ದೈತೆ" ಅಂದಳು. ತಿರುಗಿ ನೋಡಿದರೆ ಬೋರ್ಡಿನ ಮೇಲೆ ನಾಲ್ಕೇ ಗೆರೆಗಳಿದ್ದವು. ಉಳಿದದ್ದನ್ನೆಲ್ಲ ನಾನು ಬರಿಗೈಯಲ್ಲಿ ಬರೆದಿದ್ದೆ. ಬೆರಳುಗಳು ಮಾತ್ರ ಚಾಕ್ ಹಿಡಿದ ಆಕಾರದಲ್ಲೇ ಇದ್ದವು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಪ್ರಿನ್ಸಿಪಾಲರು ಮರುದಿನವೇ ಕರೆದು, ಪ್ರೊಜೆಕ್ಟರ್ ಕೋಣೆ ನಿಮಗೇ ಇರಲಿ, ಬರೆಯುವ ತಾಪತ್ರಯವೇ ಬೇಡ ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನನಗೆ ಹೆದರಿಕೆ ಶುರುವಾದದ್ದು ಆಗ. ಚಾಕ್ ಹಿಡಿಯಲಾಗದಿದ್ದರೆ ಆ ತರಗತಿಯಲ್ಲಿ ನನ್ನದು ಅಂತ ಉಳಿಯುವುದಾದರೂ ಏನು?

ದಾವಣಗೆರೆಯ ನರರೋಗ ವೈದ್ಯರ ಹತ್ತಿರ ಹೋದದ್ದು ಒಂದು ಶನಿವಾರ. ಕಾಯುವ ಜಾಗದಲ್ಲಿ ಎಲ್ಲರೂ ತಮ್ಮ ದೇಹದ ಯಾವುದೋ ಒಂದು ಭಾಗವನ್ನು ಮಡಿಲಿನಲ್ಲಿ ಇಟ್ಟುಕೊಂಡವರಂತೆ ಕೂತಿದ್ದರು. ಶೈಲಾ ನನ್ನ ಫೈಲನ್ನು, ನಾನು ನನ್ನ ಕೈಯನ್ನು. ಒಳಗೆ ಮಲಗಿಸಿ ಕೈಗೆ ತಂತಿ ಅಂಟಿಸಿ ಸಣ್ಣ ಶಾಕ್ ಕೊಟ್ಟರು. ಪ್ರತಿ ಸಲವೂ ಹೆಬ್ಬೆರಳು ನೀರಿನಿಂದ ಎತ್ತಿದ ಮೀನಿನ ಹಾಗೆ ತಾನಾಗಿ ಚಿಮ್ಮುತ್ತಿತ್ತು. ಕಾರ್ಪಲ್ ಟನಲ್ ಸಿಂಡ್ರೋಮ್ ಎಂದರು. ಮಣಿಕಟ್ಟಿನ ಸುರಂಗದಂಥ ಜಾಗದಲ್ಲಿ ನರ ಒತ್ತಿಕೊಂಡಿದೆ. ರಾತ್ರಿ ಪಟ್ಟಿ ಕಟ್ಟಿ ಮಲಗಿ, ಬೈಕ್ ಬಿಡಿ, ಮೂರು ತಿಂಗಳು ಬಿಟ್ಟು ಬನ್ನಿ. ಅಷ್ಟರಲ್ಲಿ ಹೆಬ್ಬೆರಳಿನ ಬುಡದ ಮಾಂಸ ಇಳಿಯುತ್ತ ಬಂದರೆ ಕಾಯಬೇಡಿ, ಆಪರೇಷನ್ ಮಾಡಬೇಕಾಗುತ್ತದೆ; ತಡ ಮಾಡಿದರೆ ಹೋದದ್ದು ಪೂರ್ತಿ ವಾಪಸ್ ಬರದೇ ಇರಬಹುದು. ಅವರು ಹೇಳಿದ್ದರಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಕೊನೆಯ ವಾಕ್ಯ ಒಂದೇ. ಅಂದಿನಿಂದ ಹೆಬ್ಬೆರಳಿನ ಬುಡವನ್ನು ದಿನಕ್ಕೆ ಎಷ್ಟು ಸಲ ನೋಡಿಕೊಂಡೆನೋ. ಬೆಳಿಗ್ಗೆ ತುಂಬಿಕೊಂಡಂತೆ ಕಂಡದ್ದು ಸಂಜೆ ಇಳಿದಂತೆ ಕಾಣುತ್ತಿತ್ತು.

ಕಾಯುವ ಜಾಗದಲ್ಲೇ ಸಿಕ್ಕಿದ್ದು ತ್ಯಾವಣಿಗೆ ಕಡೆಯ ಒಬ್ಬ ಹೆಂಗಸು. ನಮ್ಮ ಕಥೆ ಕೇಳಿ ಶೈಲಾಳ ತೊಡೆ ತಟ್ಟಿ ಹೇಳಿದಳು. "ಚನ್ನಗಿರೀಗೆ ಭಾನುವಾರಕ್ಕೊಮ್ಮೆ ಒಬ್ರು ಬರ್ತಾರ್ರೀ. ಕೈರೋಗದ ಡಾಕ್ಟ್ರು. ಬೋರ್ಡಿನ ಮ್ಯಾಲೇ ಬರೆದೈತಲ್ಲ, ಕೈರೋ ಅಂತ. ಲಟ್ ಲಟ್ ಅನ್ಸಿ ಬಿಟ್ರು ಅಂದ್ರೆ ಮುಗೀತು."

ಕೈರೋಪ್ರಾಕ್ಟಿಕ್ ಅಂದರೆ ಬೆನ್ನುಮೂಳೆಯನ್ನು ಒತ್ತಿ ಸಡಿಲಿಸುವ ಪದ್ಧತಿ, ಅದಕ್ಕೂ ಕೈರೋಗಕ್ಕೂ ಸಂಬಂಧವಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಗೊತ್ತಿದ್ದರೆ ಬಾಯಿ ಬಿಡಬೇಕಿತ್ತಲ್ಲ? ಬಿಡಲಿಲ್ಲ. ಶೈಲಾ ನನ್ನ ಮುಖ ನೋಡಿದಳು, ನಾನು ತಲೆಯಾಡಿಸಿದೆ. ಬೇರೆಯವರ ತಾಯತ, ಯಂತ್ರಗಳನ್ನೆಲ್ಲ ಹಾಸ್ಯ ಮಾಡಿದ ನಾನು ಒಂದು ತಪ್ಪು ಓದಿನ ಬೆನ್ನು ಹತ್ತಿ ಹೊರಡಲು ಒಪ್ಪಿದ್ದು ಹೀಗೆ.

ಅವತ್ತು ದಾವಣಗೆರೆಯಿಂದ ನೇರ ಜಗಳೂರಿಗೆ ಹೋದೆವು, ಗಿರಿಜಕ್ಕನ ಮನೆಗೆ. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವಳೂ ಭಾವನೂ ಅಲ್ಲಿ ಖಾನಾವಳಿ ನಡೆಸುತ್ತಾರೆ. ಮುಂದೆ ಊಟದ ಕೋಣೆ, ಹಿಂದೆ ಮನೆ. ಮದುವೆಯಾಗಿ ಬಂದ ದಿನದಿಂದ ಅಲ್ಲಿ ಜೋಳದ ರೊಟ್ಟಿ ತಟ್ಟಿದವಳು ಅವಳೇ. ಈಗ ಸಹಾಯಕ್ಕೆ ಇಬ್ಬರು ಹೆಂಗಸರಿದ್ದಾರೆ. ಆದರೂ ಹೆಂಚಿನ ಮುಂದಿನ ಜಾಗವನ್ನು ಅವಳು ಬಿಟ್ಟುಕೊಟ್ಟಿಲ್ಲ. ಕಾದ ಹೆಂಚಿನ ಮೇಲಿನ ರೊಟ್ಟಿಯನ್ನು ಬರಿಬೆರಳಿನಲ್ಲೇ ತಿರುವಿ ಹಾಕುವುದು ಅವಳ ಹೆಗ್ಗಳಿಕೆ. ಊಟಕ್ಕೆ ಬಂದ ಹೊಸಬರು ಕುತ್ತಿಗೆ ಉದ್ದ ಮಾಡಿ ನೋಡಿದರೆ ಭಾವ, "ನಮ್ಮೋಳ ಬೆರಳಿಗೆ ಬೆಂಕಿನೂ ಹೆದರ್ತೈತೆ" ಅನ್ನುತ್ತಾರೆ. ಚಿಕ್ಕಂದಿನಿಂದ ನಾವೂ ಅದನ್ನೇ ಹೇಳಿಕೊಂಡು ಬೀಗಿದವರು.

ಊಟಕ್ಕೆ ಕೂತಾಗ ನನಗೆ ರೊಟ್ಟಿ ಮುರಿಯಲು ಬರಲಿಲ್ಲ. ಎಡಗೈ ಮುಂದೆ ಮಾಡಲು ನಾಚಿಕೆ. ಭಾವ ನೋಡಿದರು, ಮೇಷ್ಟ್ರಿಗೆ ಫೇಲಾದ ಮಕ್ಕಳ ಶಾಪ ತಟ್ಟಿದೆ ಎಂದು ನಗಿಸಲು ನೋಡಿದರು. ಅಕ್ಕ ಹೆಂಚಿನ ಮುಂದಿನಿಂದ ಎದ್ದು ಬಂದು, ರೊಟ್ಟಿಯನ್ನು ಚೂರು ಚೂರು ಮುರಿದು, ಪಲ್ಯದಲ್ಲಿ ನೆನೆಸಿ, ತಟ್ಟೆಗೆ ಒಂದು ಚಮಚ ಇಟ್ಟು ಹೋದಳು. ನನಗೆ ಐವತ್ತೆರಡು. ಆ ಚಮಚ ಕಂಡಾಗ ಕಣ್ಣು ಮಂಜಾಗಿದ್ದು ಹಸಿಮೆಣಸಿನಕಾಯಿಯಿಂದಲೇ ಇರಬೇಕು.

ಇನ್ನು ಮುಂದಿನದೆಲ್ಲ ತೇಲುನೆನಪು. ಊಟವಾದ ಮೇಲೆ ಹಿಂದಿನ ಪಡಸಾಲೆಯಲ್ಲಿ ಮಂಚದ ಮೇಲೆ ಮಲಗಿದ್ದೆ. ಎಷ್ಟೋ ದಿನಗಳಿಂದ ಸರಿಯಾಗಿ ನಿದ್ದೆ ಇರಲಿಲ್ಲ. ಹುರಿದ ಶೇಂಗಾದ ವಾಸನೆ, ಒಳಗಿನಿಂದ ರೊಟ್ಟಿ ತಟ್ಟುವ ಸದ್ದು, ಆ ತಾಳಕ್ಕೆ ಸರಿಯಾಗಿ ಗೋಡೆಯ ಮೇಲಿನ ಬಿಸಿಲು ಹತ್ತಿರ ಬಂದು ದೂರ ಹೋಗುತ್ತಿತ್ತು. ಅಕ್ಕ ತಲೆದೆಸೆಗೆ ಬಂದು ಕೂತಳು.

"ಲಟಿಕೆ ಡಾಕ್ಟ್ರ ತಾವ ಹೊಂಟೀಯಂತೆ. ಶೈಲಾ ಹೇಳಿದ್ಲು."

ಹೂಂ ಅಂದೆನೇನೋ.

"ಲಟಿಕೆ ಮುರಿಸಿಕೊಳ್ಳಾಕೆ ಚನ್ನಗಿರಿಗಂಟ ಹೋಗಬೇಕೇನೋ ತಮ್ಮಾ? ನಾನೇನು ಸತ್ತೀನಾ?"

ಆ ವೈದ್ಯ ದೃಷ್ಟಿ ತೆಗೆಯುವವನೆಂದು ಅವಳು ತಿಳಿದುಕೊಂಡಿದ್ದಳು. ನಮ್ಮಲ್ಲಿ ಮಕ್ಕಳಿಗೆ ದೃಷ್ಟಿಯಾಯಿತೆಂದರೆ ಹಿರಿಯ ಹೆಂಗಸರು ಎರಡೂ ಅಂಗೈಗಳನ್ನು ಮಗುವಿನ ಮುಖದ ಮೇಲಿನಿಂದ ಸವರಿ ತಂದು, ತಮ್ಮ ಕಣತಲೆಗೆ ಬೆರಳು ಒತ್ತಿ ಲಟಿಕೆ ಮುರಿಯುತ್ತಾರೆ. ಎಷ್ಟು ಲಟಿಕೆ ಬಂತೋ ಅಷ್ಟು ದೃಷ್ಟಿ. ಮನೆಯಲ್ಲಿ ನಾನು ಇದನ್ನು ಗೇಲಿ ಮಾಡಿ ಎಷ್ಟೋ ಸಲ ಬೈಸಿಕೊಂಡಿದ್ದೇನೆ. ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆ ಆಗುವ ಸದ್ದು ಅದು, ದೃಷ್ಟಿಯದ್ದಲ್ಲ ಎಂದು ಪಾಠ ಮಾಡಿದ್ದೇನೆ. ಅವತ್ತು ಸುಮ್ಮನೆ ಮಲಗಿದ್ದೆ. ಅವಳ ಅಂಗೈ ಹಣೆಯಿಂದ ಇಳಿದು ಕೆನ್ನೆ ದಾಟಿ ಬಲಗೈಯ ತುದಿಯವರೆಗೆ ಹೋಯಿತು. ಹಿಟ್ಟಿನ ವಾಸನೆ. ಒಂದು ಲಟಿಕೆ. ಮತ್ತೊಮ್ಮೆ ಸವರಿದಳು. ಆಮೇಲೆ, ನಿದ್ದೆಯ ಆಚೆ ದಡದಿಂದ ಅವಳ ದನಿ: "ಬಂತೇನೋ? ನನ್ನ ಬೆರಳಿಗೆ ಗೊತ್ತಾಗಲ್ಲಪ್ಪ. ಕಿವಿಗೆ ಕೇಳಿದ್ರೇ ಬಂತು ಅಂತ."

ಇದೇ ಆ ಮಾತು. ಎದ್ದಾಗ ಬಿಸಿಲು ಗೋಡೆ ಬಿಟ್ಟಿತ್ತು, ಅಕ್ಕ ಸಂಜೆಯ ಹಿಟ್ಟು ನಾದುತ್ತಿದ್ದಳು, ಮಾತು ಮರೆತಿತ್ತು. ಆ ರಾತ್ರಿ ಮೊದಲ ಸಲ ಮಣಿಕಟ್ಟಿಗೆ ಪಟ್ಟಿ ಕಟ್ಟಿ ಮಲಗಿದೆ.

ಭಾನುವಾರ ಬೆಳಿಗ್ಗೆ ಚನ್ನಗಿರಿಗೆ ಹೊರಟೆವು. ಕಾರು ಓಡಿಸಿದವಳು ಶೈಲಾ. ಬೀಜ, ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ, ಮೆಟ್ಟಿಲುಗಳ ಉದ್ದಕ್ಕೂ ಜನ. ಎಲ್ಲರದ್ದೂ ಬೆನ್ನೇ. ಟ್ರ್ಯಾಕ್ಟರ್ ಓಡಿಸುವವರು, ಮೂಟೆ ಹೊರುವವರು, ಸೊಂಟ ಹಿಡಿದುಕೊಂಡೇ ಬಂದ ಒಬ್ಬ ಕಂಡಕ್ಟರು. ಕೈ ಹಿಡಿದುಕೊಂಡು ಬಂದವನು ನಾನೊಬ್ಬನೇ. ನಲ್ಲೂರಿನ ಒಬ್ಬ ಮುದುಕರು ನನ್ನ ಪಟ್ಟಿ ನೋಡಿ ಸರಿದು ಜಾಗ ಕೊಟ್ಟರು. ನೋವು ಇರುವವರು ಪರಸ್ಪರ ಹೆಚ್ಚು ಕೇಳುವುದಿಲ್ಲ, ಸರಿದು ಕೂರುತ್ತಾರೆ. ಇಂಥ ಜಾಗಗಳಲ್ಲಿ ನನಗೆ ಸಿಕ್ಕ ದೊಡ್ಡ ಸಮಾಧಾನ ಅದೇ.

ವೈದ್ಯ ಮೂವತ್ತೈದು ದಾಟದ ಯುವಕ. ಬೆನ್ನಾ ಸರ್ ಎಂದು ಕೇಳಿದವನು, ಕೈ ಎಂದಾಗ ನಕ್ಕುಬಿಟ್ಟ. "ವಾರಕ್ಕೊಬ್ರಾದ್ರೂ ಹಿಂಗೆ ಬರ್ತಾರೆ ಸರ್, ಕೈರೋಗ ಅಂತ ಓದ್ಕೊಂಡು. ಪೂರ್ತಿ ತಪ್ಪೂ ಅಲ್ಲ ಬಿಡಿ. ಗ್ರೀಕ್‌ನಾಗೆ ಆ ಪದದ ಅರ್ಥನೂ ಕೈನೇ. ಕೈಯಿಂದ ಮಾಡೋ ಕೆಲಸ ಅಂತ." ವಾದಕ್ಕೆ ಸಿದ್ಧನಾಗಿ ಹೋಗಿದ್ದ ನನ್ನ ಮೊದಲ ಬಾಣ ಅಲ್ಲೇ ಬಿತ್ತು. ಅವನು ದಾವಣಗೆರೆಯ ವರದಿಯನ್ನು ಎರಡು ಸಲ ಓದಿದ. ಒತ್ತಿಕೊಂಡ ನರವನ್ನು ಒಂದು ಒತ್ತಿಗೆ ಬಿಡಿಸುತ್ತೇನೆ ಎಂದು ತಾನು ಹೇಳುವುದಿಲ್ಲ, ಪಟ್ಟಿ ಬಿಡಬೇಡಿ, ಹಿಡಿತ ಕಡಿಮೆಯಾದರೆ ತನಗೆ ಕಾಯದೆ ದಾವಣಗೆರೆಯವರ ಹತ್ತಿರವೇ ಓಡಿ ಎಂದ. ಭುಜ, ಮೇಲ್ಬೆನ್ನು, ಮುಂಗೈ ಬಿಗಿದುಕೊಂಡಿವೆ, ಅವನ್ನು ಸಡಿಲ ಮಾಡಿ, ಬೆರಳಿಗೆ ಕೆಲವು ಚಲನೆ ಹೇಳಿಕೊಡುತ್ತೇನೆ, ಅದರಿಂದ ಹಗುರ ಅನ್ನಿಸಬಹುದು, ಅನ್ನಿಸದೆಯೂ ಇರಬಹುದು. ಕತ್ತು ಮಾತ್ರ ಮುಟ್ಟಬೇಡಿ ಎಂದು ಶೈಲಾ ಹೇಳಿದಳು. ಮುಟ್ಟಲ್ಲಮ್ಮ ಎಂದ.

ಮೇಜಿನ ಮೇಲೆ ಬೋರಲು ಮಲಗಿದೆ. ಮುಖ ಇಡಲು ಒಂದು ಕಂಡಿ. ಅದರೊಳಗಿಂದ ಕಂಡದ್ದು ಒಂದು ಟೈಲ್ಸು, ಅದರ ಮೇಲೆ ಅತ್ತಿಂದಿತ್ತ ಸುಳಿಯುವ ಅವನ ಚಪ್ಪಲಿ, ಕೆಳಗೆ ಜೋತುಬಿದ್ದ ನನ್ನದೇ ಕೈ. ಬಾವಿಯೊಳಗೆ ಬಗ್ಗಿ ನೋಡಿದಂತೆ ಆ ಕೈ ಬಹಳ ಆಳದಲ್ಲಿತ್ತು. ಉಸಿರು ಬಿಡಿ ಎಂದ. ಬಿಟ್ಟೆ. ಲಟಕ್.

ಸದ್ದು ಆ ಕೈಯಿಂದಲೇ ಬಂತು ಎಂದು ಇಂದಿಗೂ ನನ್ನ ನೆನಪು ಹೇಳುತ್ತದೆ. ಕೈ ಬೆಳಗಿದಂತಾಯಿತು. ಆಮೇಲೆ ಸೂಳೆಕೆರೆಯ ದಡ, ಕಣ್ಣು ಹಾಯುವಷ್ಟೂ ನೀರು, ದೂರದಲ್ಲಿ ತೆಪ್ಪದ ಮೇಲೆ ಬಲೆ ಎಳೆಯುತ್ತಿದ್ದ ಒಬ್ಬ ಮನುಷ್ಯ. ನಾನು ಕೈ ಅದ್ದಿದೆ, ಹೆಬ್ಬೆರಳಿಗೂ ತೋರುಬೆರಳಿಗೂ ನಡುಬೆರಳಿಗೂ ತಂಪು ತಿಳಿಯಿತು. ಈ ಚಿತ್ರ ಎಷ್ಟು ಸ್ಪಷ್ಟವಾಗಿತ್ತೆಂದರೆ ತಿಂಗಳುಗಟ್ಟಲೆ ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದೆ, ದೃಷ್ಟಿ, ಲಟಿಕೆಗಳನ್ನು ಗೇಲಿ ಮಾಡಿದ ಅದೇ ಬಾಯಲ್ಲಿ.

ಒಂದು ದಿನ ಮನೆಗೆ ಬಂದ ಸಹೋದ್ಯೋಗಿಗೆ ಹೇಳುತ್ತಿದ್ದಾಗ ಶೈಲಾ ಕಾಫಿ ಹಿಡಿದು ಬಂದವಳು ನಿಂತಳು. "ಜಗಳೂರಿಂದ ಬರ್ವಾಗ ಕೆರೆ ಮೊದಲು ಸಿಗ್ತೈತೆ, ಚನ್ನಗಿರಿ ಆಮೇಲೆ. ಡಾಕ್ಟ್ರ ಹತ್ರ ಆದ್ಮೇಲೆ ಸೀದಾ ಹೊನ್ನಾಳಿಗೆ ಬಂದ್ವಿ. ಕೆರೆ ಏನು ನಿಮ್ ಹಿಂದೇ ಬಂತೇನ್ರೀ?"

ಸಹೋದ್ಯೋಗಿ ಭೂಗೋಳದವರು. ಬಹಳ ಹೊತ್ತು ನಕ್ಕರು.

ಅವಳು ಹೇಳಿದ್ದು ಸರಿ. ನೀರಿಗೆ ಕೈ ಅದ್ದಿದ್ದು ಚಿಕಿತ್ಸೆಗೆ ಮುಂಚೆ. ಆ ಸದ್ದು ಬಂದದ್ದು ಮೇಲ್ಬೆನ್ನಿನಿಂದ. ಅವನು ನನ್ನ ಮಣಿಕಟ್ಟನ್ನು ಒತ್ತಲೇ ಇಲ್ಲ, ಮುಂಗೈಯನ್ನು ಸುಮ್ಮನೆ ನೀವಿದ ಅಷ್ಟೇ. ಹಾಗಾದರೆ ತಂಪು ತಿಳಿದದ್ದು ಯಾವುದರಿಂದ? ಹಿಂದಿನ ರಾತ್ರಿಯ ಪಟ್ಟಿಯಿಂದಲೋ, ಒಂದು ರಾತ್ರಿಯ ಒಳ್ಳೆಯ ನಿದ್ದೆಯಿಂದಲೋ, ಅಥವಾ ತಿಳಿದೇ ಇರಲಿಲ್ಲವೋ? ಅಕ್ಕನನ್ನು ಕೇಳಿದ್ದರೆ ಅವಳಿಗೆ ಅನುಮಾನವೇ ಇರುತ್ತಿರಲಿಲ್ಲ.

ನಾನು ಇನ್ನೂ ನಾಲ್ಕು ಭಾನುವಾರ ಅವನ ಹತ್ತಿರ ಹೋದೆ. ಅಲ್ಲಿಂದ ಬರುವಾಗ ಭುಜ ಹಗುರಾಗಿರುತ್ತಿತ್ತು, ಹೆದರಿಕೆಯೂ ಸ್ವಲ್ಪ ಹಗುರಾಗಿರುತ್ತಿತ್ತು. ಅದಷ್ಟನ್ನು ಪ್ರಾಮಾಣಿಕವಾಗಿ ಹೇಳಬಲ್ಲೆ. ರಾತ್ರಿ ಪಟ್ಟಿ ಬಿಡಲಿಲ್ಲ, ನ್ಯಾಮತಿಗೆ ಬಸ್ಸಿನಲ್ಲಿ ಓಡಾಡಿದೆ. ಬೆರಳುಗಳು ಒಂದು ಲಟಿಕೆಗೆ ಎಚ್ಚರಾಗಲಿಲ್ಲ, ಊರಿಗೆ ವಾಪಸಾಗುವ ನೆಂಟರ ಹಾಗೆ ಒಂದೊಂದಾಗಿ ಬಂದವು. ಮೊದಲು ಗುಂಡಿ ಸಿಕ್ಕಿತು. ಆಮೇಲೆ ಒಂದು ಬೆಳಗಿನ ಜಾವ ಎಚ್ಚರವೇ ಆಗಲಿಲ್ಲ. ಮೂರು ತಿಂಗಳಾದ ಮೇಲೆ ದಾವಣಗೆರೆಯ ವೈದ್ಯರು ಮತ್ತೆ ಪರೀಕ್ಷೆ ಮಾಡಿ, ಸುಧಾರಿಸಿದೆ, ಸದ್ಯ ಆಪರೇಷನ್ ಬೇಡ ಎಂದರು. ಅದರ ಮರುದಿನ ಬೋರ್ಡಿನ ಮೇಲೆ ಆರು ಬಾಹು ಎಳೆದೆ. ಎಳೆದ ಮೇಲೆ ನೆಲ ನೋಡಿದೆ. ಚಾಕ್ ಕೈಯಲ್ಲೇ ಇತ್ತು. ಈಗಲೂ ದೊಡ್ಡ ಉತ್ತರಪತ್ರಿಕೆ ಕಟ್ಟು ತಿದ್ದಿದರೆ ಜೋಮು ಬಂದು ಹೋಗುತ್ತದೆ. ಬಂದರೆ ಪೆನ್ನು ಕೆಳಗಿಡುತ್ತೇನೆ. ಅಷ್ಟಕ್ಕೇ ಹೊಂದಿಕೊಂಡಿದ್ದೇನೆ.

ಅಕ್ಕನ ಆ ಮಾತು ನೆನಪಾದದ್ದು ಅದಾದ ಮೇಲೆ, ಮತ್ತೆ ಜಗಳೂರಿಗೆ ಹೋದಾಗ. ಸಂತೋಷದಿಂದ ರೊಟ್ಟಿಯನ್ನು ಬಲಗೈಯಲ್ಲಿ ಮುರಿದು ತಿನ್ನುತ್ತ ಅಕ್ಕನ ಕಡೆ ನೋಡುತ್ತಿದ್ದೆ. ಅವಳು ಯಾರಿಗೋ ಲೆಕ್ಕ ಹೇಳುತ್ತ, ಹೆಂಚಿನ ಮೇಲಿನ ರೊಟ್ಟಿಗೆ ಬೆರಳು ಒತ್ತಿ ಹಿಡಿದಿದ್ದಳು. ಮಾತು ಮುಗಿಯಲಿಲ್ಲ, ಬೆರಳೂ ಏಳಲಿಲ್ಲ. ನಾನು ಅಗಿಯುವುದನ್ನು ನಿಲ್ಲಿಸಿದೆ. ಭಾವ ಎಂದಿನಂತೆ ಬೆಂಕಿ ಹೆದರುವ ಮಾತು ಹೇಳಿದರು, ಬಂದವರು ನಕ್ಕರು. ಅವಳು ಬೆರಳೆತ್ತಿ ನೋಡಿಕೊಂಡು ಸೆರಗಿಗೆ ಒರೆಸಿಕೊಂಡಳು. ಹತ್ತಿರ ಹೋಗಿ ಕೈ ಹಿಡಿದು ತಿರುಗಿಸಿದೆ. ಬೆರಳ ತುದಿಗಳಲ್ಲಿ ಹಳೆಯ ಬೊಕ್ಕೆಗಳ ಬಿಳಿ ಕಲೆ. ಹೆಬ್ಬೆರಳಿನ ಬುಡ ಚಪ್ಪಟೆಯಾಗಿತ್ತು. ನಾನು ಮೂರು ತಿಂಗಳು ನನ್ನ ಕೈಯಲ್ಲಿ ಹುಡುಕಿ ಹುಡುಕಿ ಕಾಣದೇ ಹೋದದ್ದು ಅವಳ ಕೈಯಲ್ಲಿ ಕಣ್ಣಿಗೆ ಹೊಡೆಯುವಂತಿತ್ತು.

ಅವತ್ತು ಲಟಿಕೆ ಮುರಿಯುವಾಗ ಬೆರಳಿಗೆ ಗೊತ್ತಾಗಲ್ಲ ಅಂದೆಯಲ್ಲ ಎಂದು ಕೇಳಿದೆ.

"ನಾನ್ಯಾವಾಗ ಅಂದೆ? ಗೊರಕೆ ಹೊಡೀತಿದ್ದೆ ನೀನು. ಕನಸು ಕಂಡಿರ್ತೀಯ."

ಶೈಲಾಳನ್ನು ಕೇಳಿದರೆ, ಆ ಹೊತ್ತಿಗೆ ಅವಳು ಅಡುಗೆ ಕೋಣೆಯಲ್ಲಿ ಶೇಂಗಾ ಚಟ್ನಿ ಕುಟ್ಟಿಸುತ್ತಿದ್ದಳು. ಸಾಕ್ಷಿ ಯಾರೂ ಇಲ್ಲ. ಕೆರೆಯನ್ನೇ ಚನ್ನಗಿರಿಯ ಆಚೆಗೆ ಸಾಗಿಸಿದ ನನ್ನ ನೆನಪನ್ನು ನಾನೇ ಹೇಗೆ ನಂಬಲಿ? ಪರೀಕ್ಷೆ ಮಾಡಿಸೋಣ ಎಂದರೆ ಅಕ್ಕ ಕೈ ಬಿಡಿಸಿಕೊಂಡಳು. ನಂಗೇನಾಗೈತೆ, ರೊಟ್ಟಿ ಯಾರು ತಟ್ಟಾಕೆ, ಎಂದಳು. ಕೊನೆಗೆ ನಾನೇ ಸುಳ್ಳು ಹೇಳಿದೆ. ದಾವಣಗೆರೆಗೆ ನನ್ನನ್ನು ತೋರಿಸಲು ಹೋಗಬೇಕು, ಶೈಲಾಗೆ ಬಿಡುವಿಲ್ಲ, ಒಬ್ಬನೇ ಹೋಗಲು ಹೆದರಿಕೆ ಎಂದೆ. ತಮ್ಮ ಹೆದರುತ್ತಾನೆ ಎಂದರೆ ಅವಳು ಬರದೇ ಇರುವುದಿಲ್ಲ. ಇಳಕಲ್ ಸೀರೆ ಉಟ್ಟು ಬಂದಳು.

ಒಳಗೆ ಹೋದಾಗ, ಡಾಕ್ಟ್ರೇ, ಇವಳನ್ನು ನೋಡಿ ಎಂದೆ. ಅವಳು ನನ್ನನ್ನು ದುರುಗುಟ್ಟಿದಳು. ಆದರೆ ದೊಡ್ಡವರ ಮುಂದೆ ಜಗಳ ಬೇಡವೆಂದು ಕೂತಳು. ಅವರು ಎರಡೂ ಕೈಗಳನ್ನು ಮೇಜಿನ ಮೇಲೆ ಇಡಿಸಿ, ಕಣ್ಣು ಮುಚ್ಚಿಸಿ, ಹತ್ತಿ ಮುಟ್ಟಿಸಿದಾಗಲೆಲ್ಲ ಹೂಂ ಅನ್ನಲು ಹೇಳಿದರು. ಕಿರುಬೆರಳಿಗೆ ಮುಟ್ಟಿಸಿದರು. ಹೂಂ ಅಂದಳು. ಹೆಬ್ಬೆರಳಿಗೆ ಮುಟ್ಟಿಸಿದರು. ನಡುಬೆರಳಿಗೆ ಮುಟ್ಟಿಸಿದರು. ತೋರುಬೆರಳಿನ ಮೇಲೆ ಮೆಲ್ಲಗೆ ಆಡಿಸುತ್ತ ನನ್ನ ಕಡೆ ನೋಡಿದರು. ಅಕ್ಕ ಕಣ್ಣು ಮುಚ್ಚಿಕೊಂಡೇ ಸ್ವಲ್ಪ ಹೊತ್ತು ಕಾದಳು.

"ಮುಟ್ಟಿಸ್ರಿ ಸಾರ್," ಅಂದಳು. "ಯಾಕೆ ನಿಲ್ಲಿಸಿದ್ರಿ?"

ಹತ್ತಿ ಅವಳ ಬೆರಳಿನ ಮೇಲೇ ಇತ್ತು.